ಸೀಲು ಒಡೆಯದ ಟಾರ್ಚು

ಕಂತು ಒಂಬತ್ತು

"ಟಾರ್ಚಾ? ಯಾವ ಟಾರ್ಚು?" ಸೀತಮ್ಮ ಮೂರನೆಯ ಸಲ ಕೇಳಿದರು.

ನಾನೂ ಮೂರನೆಯ ಸಲ ಹೇಳಿದೆ. "ಸೊಸೈಟಿಯಿಂದ ಕೊಟ್ಟಿದ್ದು, ಸೀತಮ್ಮ. ಸೆಪ್ಟೆಂಬರ್ ಇಪ್ಪತ್ತರ ವಾರ್ಷಿಕ ಸಭೆಯಲ್ಲಿ. ಹಳದಿ ಡಬ್ಬಿ. ಮೇಲೆ ನಿಶಾಬಂಧು ಅಂತ ಬರ್ದಿದೆ."

"ಓ, ಅದಾ! ಇಲ್ಲೇ ಎಲ್ಲೋ ಇರ್ಬೇಕು. ಮೊದ್ಲು ಚಾ ಕುಡೀರಿ ತನುಜಾ."

ಆಗಲೇ ಎರಡು ಲೋಟ ಚಹಾ ಹೊಟ್ಟೆಗೆ ಹೋಗಿತ್ತು. ಹೇರೂರಿನ ಆ ಮನೆಗೆ ನಾವು ಬಂದು ಕೂತು ಮುಕ್ಕಾಲು ಗಂಟೆ. ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆ. ಸಂಜೆ ನಾಲ್ಕಕ್ಕೆ ಟಾರ್ಚು ಕಂಪನಿಯ ಮನುಷ್ಯ ಹುಬ್ಬಳ್ಳಿಯಿಂದ ಸಿರ್ಸಿಯ ನನ್ನ ಆಫೀಸಿಗೆ ಬರುವವನಿದ್ದ. ಆ ಹೊತ್ತಿಗೆ ನನ್ನ ಮೇಜಿನ ಮೇಲೆ ಸೀಲು ಒಡೆಯದ ಒಂದು ನಿಶಾಬಂಧು ಟಾರ್ಚು ಇರಬೇಕು. ಇಲ್ಲವಾದರೆ ಸೋಮವಾರ ಕೋರ್ಟಿನಲ್ಲಿ ಉಲ್ಲಾಸನಿಗೆ ಜಾಮೀನಿಲ್ಲ.

ನನ್ನ ಪಕ್ಕದಲ್ಲಿ ಕೂತಿದ್ದ ರಕ್ಷಿತಾ ಚಹಾ ಮುಟ್ಟಿರಲಿಲ್ಲ. ಅವಳ ಅಪ್ಪ ಮನ್ಮನೆಯ ಕೆರಿಯಪ್ಪ ಅಕ್ಟೋಬರಿನ ಕೊನೆಯಲ್ಲಿ ಇಂಥದೇ ಟಾರ್ಚನ್ನು ಚಾರ್ಜಿಗೆ ಹಾಕಿ ಪಕ್ಕದಲ್ಲೇ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದಾಗ ಅದು ಸಿಡಿದಿತ್ತು. ಹನ್ನೊಂದು ದಿನ ಆಸ್ಪತ್ರೆಯಲ್ಲಿ ನರಳಿ ಹೋದ. ಆ ಟಾರ್ಚಿನ ಸ್ವಿಚ್ಚು ರಿಪೇರಿ ಮಾಡಿದವನು ಸಿದ್ದಾಪುರದ ಉಲ್ಲಾಸ. ಕೆರಿಯಪ್ಪನ ಹೆಂಡತಿ ನಾಗಿಗೆ ಒಡಹುಟ್ಟಿದ ತಮ್ಮ, ಅಂದರೆ ರಕ್ಷಿತಾಳ ಸೋದರಮಾವ. ಈಗ ಭಾವನ ಸಾವಿಗೆ ಕಾರಣನೆಂದು ಜೈಲಿನಲ್ಲಿದ್ದಾನೆ.

ಸೆಲ್ಲು ತುಂಬಿದ ಮೇಲೆ ಚಾರ್ಜು ನಿಲ್ಲಿಸಲು ಒಂದು ಚಿಕ್ಕ ಬೋರ್ಡು ಇರುತ್ತದೆ. ಹೆಬ್ಬೆರಳಿನ ಉಗುರಿನಷ್ಟು. ಸಿಡಿದ ಟಾರ್ಚಿನಲ್ಲಿ ಆ ಬೋರ್ಡು ಇರಲಿಲ್ಲ. "ನಮ್ಮ ಪ್ರತಿ ಟಾರ್ಚಿನಲ್ಲೂ ಇರುತ್ತದೆ, ರಿಪೇರಿಯವನೇ ಕಿತ್ತು ಮಾರಿಕೊಂಡಿದ್ದಾನೆ" ಎಂದು ಕಂಪನಿ ಬರೆದುಕೊಟ್ಟಿತು. ಪೊಲೀಸರು ಬರಿಯ ನಿರ್ಲಕ್ಷ್ಯ ಎನ್ನದೆ, ಅಪಾಯ ಗೊತ್ತಿದ್ದೂ ಕಿತ್ತ ಎಂದು ದೊಡ್ಡ ಕಲಮು ಹಾಕಿದರು.

ಹಾಗಾದರೆ ನಿಮ್ಮ ಟಾರ್ಚಿನೊಳಗೆ ಏನೇನಿದೆ, ಬೋರ್ಡು ಯಾವ ಬಣ್ಣದ್ದು, ಸೆಲ್ಲು ಯಾರು ಮಾಡಿದ್ದು, ಒಂದು ಚಿತ್ರ ಕಳಿಸಿ ಎಂದು ರಕ್ಷಿತಾಳ ಪರವಾಗಿ ನಾನು ಕಂಪನಿಗೆ ಐದು ಪತ್ರ ಬರೆದೆ. ಐದಕ್ಕೂ ಒಂದೇ ಉತ್ತರ: ಅದು ವ್ಯಾಪಾರದ ಗುಟ್ಟು.

ಉಪ್ಪಿನಕಾಯಿ ಬಾಟಲಿಯ ಮೇಲೆ ಮೆಣಸು ಎಷ್ಟು, ಎಣ್ಣೆ ಎಷ್ಟು ಎಂದು ಬರೆಯುತ್ತಾರೆ. ದನದ ಹಿಂಡಿಯ ಚೀಲದ ಮೇಲೂ ಬರೆದಿರುತ್ತದೆ. ಮನುಷ್ಯ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುವ ಟಾರ್ಚಿನ ಡಬ್ಬಿಯ ಮೇಲೆ ಮಾತ್ರ 'ಅತ್ಯಾಧುನಿಕ ತಂತ್ರಜ್ಞಾನ' ಎಂಬ ಎರಡು ಪದ, ಒಂದು ಹುಲಿಯ ಚಿತ್ರ. ಹುಲಿ ಒಳಗಿಲ್ಲ ಎಂಬುದಷ್ಟೇ ನನಗೆ ಖಾತ್ರಿಯಾಗಿ ಗೊತ್ತಿದ್ದದ್ದು.

ಸರಿ, ಹಂಚಿದ ಮುನ್ನೂರ ಹನ್ನೆರಡರಲ್ಲಿ ಇನ್ನೊಂದನ್ನು ಬಿಚ್ಚಿ ನೋಡೋಣ ಎಂದೆ. ಆಗ ಕಂಪನಿ ಹೊಸ ತಗಾದೆ ತೆಗೆಯಿತು. ಬಳಸಿದ ಟಾರ್ಚು ಬೇಡ, ಅದನ್ನೂ ಯಾರೋ ಬಿಚ್ಚಿರಬಹುದು; ಸೀಲು ಒಡೆಯದ, ಬ್ಯಾಚ್ ನಂಬರು ಕಾಣುವಂಥದ್ದೇ ಬೇಕು.

ಇಲ್ಲಿ ನನಗೆ ನಮ್ಮ ಜನರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಮ್ಮ ಕಡೆ ಮನೆಗೆ ಒಂದು ಚಮಚ ತಂದರೂ ಅದರ ಮೇಲೆ ಮನೆಯ ಹೆಸರು ಕೆತ್ತಿಸಬೇಕು. ಊಟದ ಮನೆಗೆ ಕೊಟ್ಟ ಪಾತ್ರೆ ವಾಪಸು ಬರಬೇಕಲ್ಲ! ಸಭೆ ಮುಗಿದ ದಿನವೇ ಮಂದಿ ಸಾಲಾಗಿ ಪಾತ್ರೆ ಅಂಗಡಿಗೆ ಹೋಗಿ ಟಾರ್ಚಿನ ಮೇಲೂ ಹೆಸರು ಕೆತ್ತಿಸಿದ್ದರು. ಟಾರ್ಚಿನ ಮೈತುಂಬ ಹಿಡಿತಕ್ಕೆಂದು ಗೀರುಗೀರು. ನುಣುಪಾದ ಜಾಗ ಇದ್ದದ್ದು ಒಂದೇ ಕಡೆ, ಬ್ಯಾಚ್ ನಂಬರು ಅಚ್ಚಾದಲ್ಲಿ. ಕೆತ್ತುವವನು ಎಲ್ಲ ಹೆಸರನ್ನೂ ಅಲ್ಲೇ, ನಂಬರಿನ ಮೇಲೆಯೇ ಕೆತ್ತಿದ್ದ. ಮೂರು ವಾರದಲ್ಲಿ ನಾನು ನೂರ ನಲವತ್ತು ಟಾರ್ಚು ನೋಡಿದೆ. ಎಲ್ಲದರ ಮೇಲೂ ಅಂದವಾದ ಅಕ್ಷರ, ಒಂದರ ಮೇಲೂ ನಂಬರಿಲ್ಲ.

ಪಾತ್ರೆ ಅಂಗಡಿಯವರ ಲೆಕ್ಕದಂತೆ ಕೆತ್ತಿಸದೆ ಉಳಿದದ್ದು ಒಂದೇ. ಸೊಸೈಟಿಯ ಅಧ್ಯಕ್ಷರ ಮನೆಯದು. ಅಧ್ಯಕ್ಷ ಕಮಲಾಕರ ಹೆಗಡೆಯವರ ಹೆಂಡತಿಯೇ ಈ ಸೀತಮ್ಮ.

"ಸೀತಮ್ಮ," ಎಂದೆ, ಆದಷ್ಟು ಮೆತ್ತಗೆ. "ಪಾತ್ರೆ ಅಂಗಡಿಯವರು ನಿಮ್ಮನೇದು ಕೆತ್ತೋಕೆ ಬರ್ಲೇ ಇಲ್ಲ ಅಂದ್ರು. ಅಂದ್ರೆ ಡಬ್ಬಿ ಒಡೆದಿಲ್ಲ ಅಲ್ವಾ?"

"ಒಡೆದಿಲ್ಲ."

"ಹಾಗಾದ್ರೆ ಎಲ್ಲಿದೆ?"

"ಯಂಗೆ ನೆನಪಿಲ್ಲೆ," ಎಂದರು ಸೀತಮ್ಮ, ಗಲಿಬಿಲಿಯಲ್ಲಿ ತಮ್ಮ ಮನೆಮಾತಿಗೆ ಜಾರಿ.

ಬಾಗಿಲಲ್ಲಿ ನಿಂತಿದ್ದ ಸೊಸೆ ಅಭಿಜ್ಞಾಳಿಗೆ ತಡೆಯಲಾಗಲಿಲ್ಲ. "ಹೇಳ್ಬಿಡಿ ಅತ್ತೆ. ಮಮತಕ್ಕನ ಹೊಸ ಮನೆ ಒಕ್ಲಿಗೆ ಕೊಟ್ಟಿದ್ದು ಅಲ್ದಾ?"

ಸೀತಮ್ಮನ ಮುಖ ಕೆಂಪಾಯಿತು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಕಮಲಾಕರ ಹೆಗಡೆಯವರು ಹೊರಗೆ ಬಂದರು. ಇಷ್ಟು ಹೊತ್ತು ಅವರು ಮನೆಯಲ್ಲೇ ಇದ್ದರೆಂದು ನನಗೆ ಗೊತ್ತೇ ಇರಲಿಲ್ಲ.

"ಅದ್ನ ಎಂತಕ್ಕೆ ಕೊಟ್ಟೆ?" ಹೆಂಡತಿಯ ಮೇಲೆ ಎಗರಿದರು. "ಆನು ಕಪಾಟಿನಲ್ಲೇ ಇದ್ದು ಹೇಳಿ ತಿಳ್ಕಂಡಿದ್ದಿ!"

"ಮನೇಲಿ ನಾಲ್ಕು ಟಾರ್ಚ್ ಇದ್ದು. ಐದ್ನೇದು ಎಂತಕ್ಕೆ? ಪ್ಯಾಕ್ ಚೆಂದ ಇತ್ತು, ಕೊಟ್ಟಿ."

ಉಡುಗೊರೆ ಬಂದದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ಇಲ್ಲಿ ಎಲ್ಲರೂ ಮಾಡುವ ಕೆಲಸ. ಮಾಡಿದ್ದೇವೆಂದು ಒಪ್ಪುವವರು ಯಾರೂ ಇಲ್ಲ. ಮುಕ್ಕಾಲು ಗಂಟೆಯ ಚಹಾ, ಮರೆವು, ಗಲಿಬಿಲಿ ಎಲ್ಲ ಅದಕ್ಕಾಗಿ.

ಕಮಲಾಕರರು ನನ್ನ ಕಡೆ ತಿರುಗಿದಾಗ ದನಿ ತಗ್ಗಿತ್ತು. "ನಮ್ಮನೇದೇ ಯಾಕೆ ತನುಜಾ? ಬೇರೆ ಯಾರದ್ದಾದ್ರೂ ನೋಡಿ. ಪುಕ್ಕಟೆ ಕೊಟ್ಟಿದ್ದಕ್ಕೆ ಇಷ್ಟು ರಗಳೆ ಆಗ್ತದೆ ಅಂತ ಗೊತ್ತಿದ್ರೆ ಛತ್ರಿ ಹಂಚ್ತಿದ್ದೆ."

"ಬೇರೆಯವರದ್ದು ಯಾವುದೂ ಉಳಿದಿಲ್ಲ, ಹೆಗಡೇರೆ. ಒಂದು ಜೀವ ಹೋಗಿದೆ. ಇನ್ನೊಬ್ಬ ಜೈಲಲ್ಲಿದ್ದಾನೆ."

"ಅದು ನಂಗೂ ಬೇಜಾರೇ," ಎಂದು ಅವರು ರಕ್ಷಿತಾಳ ಮುಖ ನೋಡದೆ ಒಳಗೆ ಹೋದರು.

ಒಂದು ಟಾರ್ಚು ಮನೆಯಿಂದ ಹೋಯಿತೆಂದು ಇಷ್ಟು ಬೇಸರ ಯಾಕೆ ಎಂದು ನಾನು ಆಗಲೇ ಕೇಳಬೇಕಿತ್ತು. ಗಡಿಯಾರ ನೋಡಿಕೊಂಡು ಎದ್ದುಬಿಟ್ಟೆ.

---

ಸಿರ್ಸಿಗೆ ನನ್ನ ಹಳೆಯ ಓಮ್ನಿ ಕಾರು ಓಡಿಸುವಾಗ ರಕ್ಷಿತಾ ಪಕ್ಕದಲ್ಲೇ ಕೂತಿದ್ದಳು. ಸಿದ್ದಾಪುರದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಅವಳಿಗೆ. ಇವತ್ತು ರಜೆ ಹಾಕಿ ಬಂದಿದ್ದಳು.

"ತನುಜಕ್ಕ, ಒಂದು ಮಾತ್ರೆ ಪಟ್ಟಿ ಹಿಂದೆ ಎಷ್ಟು ಬರ್ದಿರ್ತದೆ ಗೊತ್ತಾ?" ಎಂದಳು. "ಒಳಗೆ ಎಂತ ಎಷ್ಟಿದೆ, ಯಾರು ಮಾಡಿದ್ದು, ಯಾವ ತಿಂಗಳು, ಎಲ್ಲ. ಓದದೆ ಕೊಟ್ರೆ ನನ್ನ ಕೆಲ್ಸ ಹೋಗ್ತದೆ. ಇವ್ರಿಗೆ ಯಾಕೆ ಎಂತದೂ ಇಲ್ಲ?"

"ಕೇಳೋರು ಇರ್ಲಿಲ್ಲ, ಅದಕ್ಕೆ."

"ಅಮ್ಮ ನನ್ನ ಹತ್ರ ಮಾತು ಬಿಟ್ಟಿದ್ದಾಳೆ. ಮಾವನ ಪರ ಓಡಾಡ್ತೀಯಲ್ಲ, ನಿಂಗೆ ಅಪ್ಪ ಬೇಡಾಗಿದ್ನಾ ಅಂತಾಳೆ."

"ನಾಗಿಗೆ ತಮ್ಮನ ಮೇಲೆ ಅಷ್ಟು ಅನುಮಾನ ಬಂದಿದ್ದು ಯಾಕೆ?"

"ಅನುಮಾನ ಅಲ್ಲ ತನುಜಕ್ಕ. ಪೊಲೀಸ್ರು ಹೇಳಿದ್ದು ನಂಬಿದ್ದಾಳೆ. ಮಾವ ಹೊರಗೆ ಬಂದು ಅವಳ ಎದುರು ಕೂತು ಹೇಳ್ಬೇಕು. ಜೈಲಿಗೆ ಹೋಗಿ ಕೇಳೂದಕ್ಕೆ ಅವಳು ತಯಾರಿಲ್ಲ."

ಉಲ್ಲಾಸನನ್ನು ನಾನು ಜೈಲಿನಲ್ಲಿ ಎರಡು ಸಲ ಕಂಡಿದ್ದೆ. "ಭಾವಂದು ಬಿಟ್ರೆ ಆ ಕಂಪನಿ ಟಾರ್ಚು ನಾನು ಒಂದೂ ಬಿಚ್ಚಿದವನಲ್ಲ ಅಕ್ಕ. ಒಳಗೆ ಎಂತ ಇರ್ಬೇಕಿತ್ತು ಅಂತ್ಲೇ ನಂಗೆ ಗೊತ್ತಿರ್ಲಿಲ್ಲ," ಎಂದು ಎರಡು ಸಲವೂ ಅಂದಿದ್ದ. ಇಪ್ಪತ್ತೆರಡು ವರ್ಷ ವಿಮೆಯ ಸರ್ವೇಯರಾಗಿ ಸುಟ್ಟ ಅಂಗಡಿ, ಗುದ್ದಿದ ಲಾರಿ ನೋಡಿದವಳು ನಾನು. ಸುಳ್ಳು ಹೇಳುವವರು ವಿವರ ಜಾಸ್ತಿ ಕೊಡುತ್ತಾರೆ. ಉಲ್ಲಾಸ ಅಷ್ಟೇ ಹೇಳಿ ಸುಮ್ಮನಾಗಿದ್ದ. ನಾನು ನಂಬಿದ್ದೆ.

ಸಿರ್ಸಿಯಲ್ಲಿ ಮಮತಾ ಸಿಕ್ಕಿದ್ದು ಶಾಲೆಯ ಗೇಟಿನ ಹತ್ತಿರ. ಶನಿವಾರದ ಬೆಳಗಿನ ತರಗತಿ ಮುಗಿಸಿ ಹೊರಟಿದ್ದರು. ಸೀತಮ್ಮನ ಅಣ್ಣನ ಮಗಳು, ಹೈಸ್ಕೂಲಿನ ಟೀಚರು. ಸುತ್ತು ಬಳಸದೆ ಕೇಳಿದೆ.

"ಅಯ್ಯೋ, ಅದನ್ನ ದಿನಾ ಬಳಸ್ತಾ ಇದ್ದೇನೆ," ಎಂದರು.

"ತೋರ್ಸಿ."

ಮಮತಾ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಸೀತತ್ತೆಗೆ ಹೇಳ್ಬಾರ್ದು."

"ಹೇಳೂದಿಲ್ಲ."

"ಆಣೆ?"

"ಮಮತಾ ಟೀಚರ್ರೆ, ನನ್ನ ಹತ್ರ ಟೈಮಿಲ್ಲ!"

"ನಮ್ಮ ಬಿಸಿಯೂಟದ ಅನ್ನಪೂರ್ಣವ್ವ ಕೆಲಸ ಬಿಟ್ರು. ಬೀಳ್ಕೊಡುಗೆಗೆ ಕೊಟ್ಟೆ. ಈಗ ಯಲ್ಲಾಪುರದ ಹತ್ರ ಚಂದಗುಳೀಲಿ ಮಗಳ ಮನೇಲಿದ್ದಾರೆ."

ಸಿರ್ಸಿಯಿಂದ ಯಲ್ಲಾಪುರಕ್ಕೆ ಹೋಗಿ ನಾಲ್ಕರೊಳಗೆ ವಾಪಸು ಬರಬೇಕು. ಒಂದು ಟಾರ್ಚಿನ ಹೊಟ್ಟೆಯಲ್ಲಿ ಏನಿದೆ ಎಂದು ಕಂಪನಿ ಒಂದು ಕಾಗದದಲ್ಲಿ ಬರೆದಿದ್ದರೆ ಮುಗಿಯುತ್ತಿದ್ದ ಕೆಲಸ. ಅದರ ಬದಲು ನಾನು ಮೂರು ತಾಲೂಕು ಸುತ್ತುತ್ತಾ ಹೆಂಗಸರ ಮಾನ ಕಳೆಯುತ್ತಿದ್ದೆ. ಸ್ಟೇರಿಂಗಿನ ಮೇಲೆ ಒಮ್ಮೆ ಗುದ್ದಿದೆ. ಹಾರ್ನು ಕೂಗಿತು; ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನನ್ನನ್ನು ಬೈದರು.

---

ಅನ್ನಪೂರ್ಣವ್ವ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ಪುಣ್ಯಕ್ಕೆ ಅವರಿಗೆ ನಾಚಿಕೆಯೇನೂ ಇರಲಿಲ್ಲ.

"ಐತ್ರಿ. ಹಂಗ ಇಟ್ಟೀನಿ. ನಮ್ಮ ಅಳಿಯನ ತಂಗಿ ಮದುವಿ ನಾಳಿ. ಅದಕ್ಕ ಕೊಡಾಕ."

ಒಳಗಿಂದ ತಂದರು. ಮಿಂಚುವ ಕೆಂಪು ಕಾಗದದಲ್ಲಿ ಸುತ್ತಿ, ಮೇಲೆ ಹೆಸರನ್ನೂ ಬರೆಸಿಯಾಗಿತ್ತು. ರಕ್ಷಿತಾ ಮೂಲೆಯಲ್ಲಿ ಕಾಗದ ಸ್ವಲ್ಪ ಸರಿಸಿ ನೋಡಿದಳು. ಹಳದಿ ಡಬ್ಬಿ, ಹುಲಿಯ ಬಾಲ.

"ಅವ್ವಾ, ಇದು ನಮಗೆ ಬೇಕು," ಎಂದೆ.

"ಮದುವಿಗೆ ನಾ ಏನ್ ಕೊಡ್ಲಿ?"

"ದುಡ್ಡು ಕೊಡ್ತೇನೆ. ಯಲ್ಲಾಪುರದಲ್ಲಿ ಬೇರೆ ತಗೊಳ್ಳಿ."

"ದುಡ್ಡು ಬ್ಯಾಡ್ರಿ ಯವ್ವಾ. ಈಗ ಪ್ಯಾಟಿಗೆ ಹೋಗಾವ್ರು ಯಾರು? ಹಪ್ಪಳ ನೋಡಾವ್ರು ಯಾರು? ಪ್ಯಾಕ್ ಇರೂದು ಏನರ ಇದ್ರ ಕೊಡ್ರಿ. ಇದ್ರಷ್ಟ ದೊಡ್ಡ ಕಾಣಬೇಕು."

ನಾನು ರಕ್ಷಿತಾಳ ಮುಖ ನೋಡಿದೆ. ರಕ್ಷಿತಾ ಕಾರಿನ ಹಿಂದಿನ ಸೀಟು ನೋಡಿದಳು. ಅಲ್ಲಿ ಒಂದು ಸ್ಟೀಲಿನ ಹಾಟ್‌ಬಾಕ್ಸು ಇತ್ತು. ಕಳೆದ ತಿಂಗಳು ನನ್ನ ಅಕ್ಕನ ಮನೆಯ ಕಾರ್ಯದಲ್ಲಿ ನನಗೆ ಬಂದದ್ದು. ಬರುವ ವಾರ ಇನ್ನೊಬ್ಬರಿಗೆ ದಾಟಿಸಲೆಂದು ಡಬ್ಬಿ ಒಡೆಯದೆ ಇಟ್ಟುಕೊಂಡಿದ್ದೆ. ಬೆಳಗಿನಿಂದ ಸೀತಮ್ಮನನ್ನೂ ಮಮತಾಳನ್ನೂ ಬೈದುಕೊಂಡ ಬಾಯಿ ನನ್ನದೇ.

"ಅದನ್ನ ಕೊಟ್ಬಿಡಿ ತನುಜಕ್ಕ," ಎಂದಳು ರಕ್ಷಿತಾ. ಎರಡು ತಿಂಗಳಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅನ್ನಪೂರ್ಣವ್ವ ಹಾಟ್‌ಬಾಕ್ಸನ್ನು ಅಲ್ಲಾಡಿಸಿ, ತೂಗಿ ನೋಡಿ, ಒಪ್ಪಿಕೊಂಡರು. ಕೆಂಪು ಕಾಗದವನ್ನು ಹರಿಯದಂತೆ ಬಿಡಿಸಿ ಹಾಟ್‌ಬಾಕ್ಸಿಗೆ ಸುತ್ತಿದರು. ಟಾರ್ಚಿನ ಹಳದಿ ಡಬ್ಬಿ ನನ್ನ ಕೈಗೆ ಬಂತು. ಮೇಲಿನ ಮುಚ್ಚಳದ ಮೇಲೆ ಕಂಪನಿಯ ಬೆಳ್ಳಿಬಣ್ಣದ ಸೀಲು. ಒಂದು ಗೀರೂ ಇಲ್ಲ.

ನನಗೆ ಕಣ್ಣು ತುಂಬಿ ಬಂತೆಂದರೆ ಸುಳ್ಳಲ್ಲ. ಮೂರು ವಾರದ ಅಲೆದಾಟ ಅದು.

---

ನಾಲ್ಕಕ್ಕೆ ಐದು ನಿಮಿಷ ಇರುವಾಗ ನಾವು ಮೆಟ್ಟಿಲು ಹತ್ತಿದೆವು. ಝೆರಾಕ್ಸ್ ಅಂಗಡಿಯ ಮೇಲಿನ ನನ್ನ ಆಫೀಸಿನಲ್ಲಿ ಇರುವುದು ಮೂರು ಕುರ್ಚಿ, ಒಂದು ಮೇಜು. ಒಂದು ಕುರ್ಚಿಯಲ್ಲಿ ಸಿದ್ದಾಪುರದ ಪಿಎಸ್‌ಐ ಸಾಹೇಬರು ಪಂಚನಾಮೆಯ ಹಾಳೆ ಹಿಡಿದು ಕೂತಿದ್ದರು. ಇನ್ನೊಂದರಲ್ಲಿ ನಿಶಾಬಂಧು ಕಂಪನಿಯ ಸಂಗಯ್ಯ. ಐವತ್ತರ ಆಚೀಚೆಯ ಮನುಷ್ಯ, ಜೇಬಿನಲ್ಲಿ ಮೂರು ಪೆನ್ನು, ತೊಡೆಯ ಮೇಲೆ ಕಂಪನಿಯ ಚೀಲ.

"ಬರ್ರಿ ಮೇಡಮ್ಮಾರ. ಸಿಕ್ತೇನ್ರಿ?"

ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಸಂಗಯ್ಯ ಕನ್ನಡಕ ಏರಿಸಿಕೊಂಡು ಸೀಲನ್ನು ನೋಡಿದ. ಉಗುರಿನಿಂದ ಮುಟ್ಟಿದ. ಬೆಳಕಿಗೆ ಹಿಡಿದ.

"ನಮ್ಮದ ಸೀಲು. ಒಡದಿಲ್ಲ. ಬರಕೊಳ್ರಿ ಸಾಹೇಬ್ರ."

ಸಾಹೇಬರು ಬರೆದುಕೊಂಡರು. ಸಂಗಯ್ಯ ಸಹಿ ಹಾಕಿದ.

"ತೆಗೆಯೋ ಮೊದ್ಲು ಒಂದು ಪ್ರಶ್ನೆ," ಎಂದೆ. "ಒಳಗೆ ಬೋರ್ಡು ಹೇಗಿರ್ತದೆ? ಬಣ್ಣ? ಎಷ್ಟು ತಂತಿ? ಈಗ್ಲಾದ್ರೂ ಹೇಳಿ."

"ಅದು ಗುಟ್ಟು ರೀ."

"ಇನ್ನೈದು ನಿಮಿಷಕ್ಕೆ ಎಲ್ರೂ ನೋಡ್ತೇವೆ. ಇನ್ನೆಂತ ಗುಟ್ಟು ಮಾರಾಯ್ರೆ?"

ಸಂಗಯ್ಯ ಕನ್ನಡಕ ತೆಗೆದು ಒರೆಸಿಕೊಂಡ. "ಖರೇ ಹೇಳ್ಲೇನ್ರಿ? ನನಗೂ ಗೊತ್ತಿಲ್ಲ. ಹದಿನೇಳು ವರ್ಷ ಆತು ಮಾರಾಕ ಹತ್ತಿ. ಬೋರ್ಡು ಐತಿ ಅಂತಾರ, ನಾನೂ ಐತಿ ಅಂತೀನಿ. ಒಳಗ ಒಂದಿನಾನೂ ನೋಡಿಲ್ಲ. ಕೇಳಿದ್ರ ನಿನಗ್ಯಾಕ, ಮಾರು ಅಂತಾರ."

"ಗೊತ್ತಿಲ್ದೇ ಒಬ್ಬನನ್ನ ಜೈಲಿಗೆ ಕಳ್ಸಿದ್ರಾ?"

"ನಾ ಕಳಿಸಿಲ್ರಿ. ಕಂಪನಿ ಬರದದ್ದು. ನಾ ಸಹಿ ಹಾಕಿದೆ."

ನನ್ನ ಸಿಟ್ಟು ಅವನ ಮೇಲೆ ಇಳಿಯಬೇಕೋ ಏರಬೇಕೋ ತಿಳಿಯಲಿಲ್ಲ. ಪಾಪದ ಮನುಷ್ಯ. ಆದರೆ ಅದೇ ಸಹಿಯ ಮೇಲೆ ಉಲ್ಲಾಸ ಒಂದೂವರೆ ತಿಂಗಳಿನಿಂದ ಒಳಗಿದ್ದಾನೆ.

"ತೆಗೀರಿ," ಎಂದರು ಸಾಹೇಬರು.

ಸೀಲು ಹರಿಯಿತು. ಕರಿಯ ಟಾರ್ಚು ಹೊರಬಂತು. ನುಣುಪಾದ ಜಾಗದಲ್ಲಿ ನಂಬರು ಸ್ಪಷ್ಟವಾಗಿತ್ತು. ಸಿಡಿದ ಟಾರ್ಚಿನ ಜೊತೆಯದೇ ಬ್ಯಾಚು ಎಂದು ಸಂಗಯ್ಯನೇ ತನ್ನ ಪಟ್ಟಿ ನೋಡಿ ಒಪ್ಪಿದ. ಹಿಂದಿನ ಮುಚ್ಚಳ ಯಾವ ಕಡೆ ತಿರುಗಿಸಬೇಕೆಂದು ಅವನಿಗೆ ತಿಳಿಯಲಿಲ್ಲ. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಕೊನೆಗೆ ಟಕ್ಕೆಂದು ಬಿಟ್ಟುಕೊಂಡಿತು. ನೀಲಿ ಸೆಲ್ಲು ಜಾರಿ ಮೇಜಿನ ಮೇಲೆ ಬಿತ್ತು.

ಸೆಲ್ಲಿನ ತಲೆಯ ಮೇಲೆ, ಹಳದಿ ಟೇಪಿನಲ್ಲಿ ಸುತ್ತಿದ ಒಂದು ಪುಟ್ಟ ಹಸಿರು ಬೋರ್ಡು ಇತ್ತು.



"ನೋಡ್ರಿ!" ಸಂಗಯ್ಯ ಕುರ್ಚಿಯಿಂದ ಎದ್ದೇಬಿಟ್ಟ. "ನೋಡ್ರಿ ಸಾಹೇಬ್ರ! ಐತಿ! ನಾ ಹೇಳಿದ್ದಿಲ್ಲೇನು? ಐತಿ!" ತನ್ನ ಕಂಪನಿ ಸುಳ್ಳು ಹೇಳಿಲ್ಲವೆಂದು ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ಅವನಿಗೇ ಇರಬೇಕು. "ಬರಕೊಳ್ರಿ. ಈ ಬೋರ್ಡು ನಮ್ಮ ಕಂಪನೀದು, ಕಾರ್ಖಾನ್ಯಾಗ ಹಾಕಿದ್ದು."

ಸಾಹೇಬರು ಬರೆದರು. ಸಂಗಯ್ಯ ಅದರ ಕೆಳಗೂ ಸಹಿ ಹಾಕಿದ, ಈ ಸಲ ದೊಡ್ಡದಾಗಿ.

ರಕ್ಷಿತಾ ಗೋಡೆಗೆ ಒರಗಿ ನಿಂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಎಲ್ಲ ಟಾರ್ಚಿನಲ್ಲೂ ಬೋರ್ಡಿದ್ದರೆ ಕೆರಿಯಪ್ಪನದರಲ್ಲೂ ಇತ್ತು. ಇದ್ದದ್ದನ್ನು ಕಿತ್ತವನು ಉಲ್ಲಾಸ. ಮೂರು ವಾರ ಊರೂರು ಅಲೆದು ಅವನ ವಿರುದ್ಧದ ಸಾಕ್ಷಿಯನ್ನು ನಾನೇ ಕೈಯಾರೆ ಹೊತ್ತು ತಂದಿದ್ದೆ.

"ಒಮ್ಮೆ ನೋಡ್ಬಹುದಾ ಸರ್?" ಎಂದು ಕೇಳಿದೆ. ನೋಡಿ ಆಗಬೇಕಾದದ್ದೇನೂ ಇರಲಿಲ್ಲ. ಸುಮ್ಮನೆ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ, ಅಷ್ಟೇ.

"ನೋಡಿ. ಹಾಳು ಮಾಡ್ಬೇಡಿ."

ಸುಟ್ಟ ಮಾಲು ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿ ತೆಗೆದೆ. ಬೆಸುಗೆ ಅಚ್ಚುಕಟ್ಟಾಗಿತ್ತು. ಕಾರ್ಖಾನೆಯದಕ್ಕಿಂತ ಸ್ವಲ್ಪ ಹೆಚ್ಚೇ ಅಚ್ಚುಕಟ್ಟು ಎನಿಸಿತು. ಬೋರ್ಡಿನ ಒಂದು ಅಂಚನ್ನು ಕತ್ತರಿಯಿಂದ ಕತ್ತರಿಸಿದಂತಿತ್ತು. ಆ ಅಂಚಿನಲ್ಲಿ ಯಾವುದೋ ಮೊಬೈಲ್ ಫೋನಿನ ಹೆಸರಿನ ಅರ್ಧ ಉಳಿದಿತ್ತು.

ಹಳೆಯ ಮೊಬೈಲ್ ಬ್ಯಾಟರಿಯಿಂದ ಬಿಡಿಸಿ ಹಾಕಿದ ಬೋರ್ಡು! ಯಾವ ಕಾರ್ಖಾನೆಯೂ ಸಾವಿರಗಟ್ಟಲೆ ಟಾರ್ಚಿಗೆ ಹೀಗೆ ಒಂದೊಂದಾಗಿ ಕತ್ತರಿಸಿ ಹಾಕುವುದಿಲ್ಲ. ಇದು ರಿಪೇರಿ ಅಂಗಡಿಯ ಕೆಲಸ.

ಡಬ್ಬಿಯನ್ನು ಬೋರಲು ಹಾಕಿದೆ. ಮೇಲಿನ ಸೀಲನ್ನಷ್ಟೇ ನಾವೆಲ್ಲ ನೋಡಿದ್ದು. ಅಡಿಯ ಮುಚ್ಚಳದ ಅಂಚಿನಲ್ಲಿ ಒಣಗಿದ ಅಂಟು ಹೊರಗೆ ಇಣುಕುತ್ತಿತ್ತು. ಅಲ್ಲಿಂದ ಬಿಡಿಸಿ, ಮತ್ತೆ ಅಂಟಿಸಿದ್ದರು.

ಅಂದರೆ ಕಾರ್ಖಾನೆಯಿಂದ ಬಂದಾಗ ಈ ಟಾರ್ಚಿನಲ್ಲಿ ಬೋರ್ಡು ಇರಲಿಲ್ಲ. ಒಂದರಲ್ಲಿ ಇಲ್ಲವೆಂದರೆ ಜೊತೆಯವುಗಳಲ್ಲೂ ಇರಲಾರದು. ಇರದೆ ಇದ್ದದ್ದನ್ನು ಉಲ್ಲಾಸ ಕೀಳುವುದು ಹೇಗೆ? ಎಂದೂ ಒಳಗೆ ನೋಡದ ಸಂಗಯ್ಯ ಯಾರೋ ಹಾಕಿದ ಗುಜರಿ ಬೋರ್ಡನ್ನು ನಮ್ಮದೇ ಎಂದು ಸಹಿ ಹಾಕಿ ಕೂತಿದ್ದ. ನನಗೆ ಎದ್ದು ಕುಣಿಯಬೇಕೆನಿಸಿತು.

ಆಗ ಟೇಪಿನ ಕೆಳಗೆ ಒಂದು ಕಾಗದದ ಚೂರು ಕಂಡಿತು.

ಅಕ್ಕಿಕಾಳಿನಷ್ಟು ಅಗಲದ ಪಟ್ಟಿ. ಅದರ ಮೇಲೆ ನೀಲಿ ಪೆನ್ನಿನ ಸಣ್ಣ ಅಕ್ಷರ. 'ಅಧ್ಯಕ್ಷರದ್ದು. ೧೧-೯. ಉ.'

ಅದನ್ನು ಎರಡು ಸಲ ಓದಿದೆ. ರಿಪೇರಿಗೆ ಬಂದ ಮಾಲು ಅದಲುಬದಲಾಗದಿರಲಿ ಎಂದು ಯಾರದ್ದು, ಯಾವ ದಿನ ಎಂದು ಬರೆದು ಒಳಗೆ ಇಡುವವರಿದ್ದಾರೆ. ಹನ್ನೊಂದನೆಯ ತಾರೀಖು, ಸೆಪ್ಟೆಂಬರು. ಟಾರ್ಚು ಹಂಚಿದ್ದು ಇಪ್ಪತ್ತಕ್ಕೆ. ಅದಕ್ಕೂ ಒಂಬತ್ತು ದಿನ ಮೊದಲು, ಎಲ್ಲ ಡಬ್ಬಿಗಳೂ ಸೊಸೈಟಿಯ ಗೋದಾಮಿನಲ್ಲಿದ್ದಾಗಲೇ, ಒಬ್ಬ ಇದನ್ನು ಬಿಚ್ಚಿ, ಬೋರ್ಡಿಲ್ಲವೆಂದು ಕಂಡು, ಅಧ್ಯಕ್ಷರ ಮನೆಯ ಒಂದಕ್ಕೆ ಮಾತ್ರ ಬೋರ್ಡು ಹಾಕಿ ಅಂಟಿಸಿದ್ದ. ಉಳಿದ ಮುನ್ನೂರ ಹನ್ನೊಂದು ಹಾಗೆಯೇ ಹೋಗಿದ್ದವು.

ಬೆಳಿಗ್ಗೆ ಕಮಲಾಕರ ಹೆಗಡೆಯವರು ಯಾಕೆ ಹಾಗೆ ಎಗರಿದರೆಂದು ಈಗ ಅರ್ಥವಾಯಿತು. ಅವರಿಗೆ ಗೊತ್ತಿತ್ತು.

ಉಲ್ಲಾಸನಿಗೂ ಗೊತ್ತಿತ್ತು. ಜೈಲಿನಲ್ಲಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ಅವನು ಸುಳ್ಳು ಹೇಳಿದ್ದ.

"ಮೇಡಂ," ಸಾಹೇಬರು ಪೆನ್ನು ಹಿಡಿದೇ ಕೇಳಿದರು. "ಮುಗಿಸ್ಲಾ? ಅಥವಾ ಬೇರೆ ಎಂತಾದ್ರೂ ಬರೀಲಿಕ್ಕಿದೆಯಾ?"

ಮೊಬೈಲಿನ ಹೆಸರು ತೋರಿಸಹೊರಟರೆ ಅದರ ಪಕ್ಕದ ಕಾಗದದ ಚೂರೂ ಕಾಣುತ್ತದೆ. ಈ ಚೂರನ್ನು ತೋರಿಸಿದರೆ ಕಂಪನಿಯ ಸುಳ್ಳು ಇಲ್ಲೇ ಮುರಿದು ಬೀಳುತ್ತದೆ. ಜೊತೆಗೆ, ಅಪಾಯ ಗೊತ್ತಿದ್ದವನು ಉಲ್ಲಾಸ ಎಂಬುದು ಅವನದೇ ಅಕ್ಷರದಲ್ಲಿ ಪಂಚನಾಮೆ ಸೇರುತ್ತದೆ. ತೋರಿಸದಿದ್ದರೆ ಇದು ಕಾರ್ಖಾನೆಯ ಬೋರ್ಡಾಗಿಯೇ ಉಳಿದು, ಸೋಮವಾರ ಅವನು ಬೋರ್ಡು ಕಿತ್ತ ಕಳ್ಳನಾಗುತ್ತಾನೆ. ಎಲ್ಲಿ ಕೈಯಿಟ್ಟರೂ ಸುಡುತ್ತಿತ್ತು. ಆ ಕ್ಷಣ ಉಲ್ಲಾಸ ಎದುರಿಗಿದ್ದಿದ್ದರೆ ಕೆನ್ನೆಗೆ ಎರಡು ಬಾರಿಸಿಯೇ ಬಿಡುತ್ತಿದ್ದೆ.

"ಒಂದ್ನಿಮಿಷ ಸರ್," ಎಂದೆ.

ಭೂತಗನ್ನಡಿ ನನ್ನ ಕೈಯಲ್ಲಿರಲಿಲ್ಲ. ರಕ್ಷಿತಾ ಅದನ್ನು ತೆಗೆದುಕೊಂಡು ಮೇಜಿನ ಮೇಲೆ ಬಾಗಿದ್ದಳು. ಎಷ್ಟು ಹೊತ್ತಿನಿಂದ ಬಾಗಿದ್ದಳೋ ಗೊತ್ತಿಲ್ಲ.

"ಇದು ಮಾವನ ಅಕ್ಷರ," ಎಂದಳು.

"ರಕ್ಷಿತಾ, ಹೊರಗೆ ಬಾ. ಮಾತಾಡೋಣ."

"ಎಂತ ಮಾತಾಡೂದು ತನುಜಕ್ಕ?" ಅವಳು ನೆಟ್ಟಗೆ ನಿಂತಳು. ಅಳುತ್ತಿರಲಿಲ್ಲ. "ಸರ್, ಬರ್ಕೊಳ್ಳಿ. ಬೋರ್ಡಿನ ಮೇಲೆ ಒಂದು ಚೀಟಿ ಇದೆ. ಅಧ್ಯಕ್ಷರದ್ದು. ಹನ್ನೊಂದು, ಒಂಬತ್ತು. ಉ."

ಸಂಗಯ್ಯ ಸಹಿ ಹಾಕಿದ ಪೆನ್ನನ್ನು ಜೇಬಿಗೆ ಸಿಕ್ಕಿಸುತ್ತಿದ್ದವನು ಹಾಗೇ ನಿಂತುಬಿಟ್ಟ.

"ಅದ್ರ ಕೆಳಗೆ ಇನ್ನೊಂದು ಸಾಲು ಬರ್ಕೊಳ್ಳಿ ಸರ್," ಎಂದಳು ರಕ್ಷಿತಾ. "ಅಪ್ಪನ ಟಾರ್ಚು ಮಾವನ ಅಂಗಡಿಗೆ ಹೋದದ್ದು ಅಕ್ಟೋಬರ್ ಮೂರಕ್ಕೆ. ಅವ್ನು ಬಿಚ್ಚಿದ, ಒಳಗೆ ನೋಡಿದ, ಸ್ವಿಚ್ಚು ಮಾತ್ರ ಹಾಕಿ ಮುಚ್ಚಿದ. ಎಂತ ಹೆದ್ರಿಕೆ ಇಲ್ಲ, ಅಪ್ಪಂಗೆ ಕೊಡು ಅಂದ. ಅದನ್ನ ಒಯ್ದವಳೂ ನಾನೇ, ವಾಪಸು ತಂದು ಅಪ್ಪನ ಕೈಯಲ್ಲಿ ಕೊಟ್ಟವಳೂ ನಾನೇ."